ಮೂರು ತಿಂಗಳ ಸೂಜಿ ಮತ್ತು ನನ್ನ ಅರ್ಧಂಬರ್ಧ ಬುದ್ಧಿವಾದ

ಬಹಳ ದಿನದಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಿದ್ದೆ. ಶುರು ಮಾಡುವುದು, ನಾಲ್ಕು ಸಾಲಾದ ಮೇಲೆ ಅಳಿಸುವುದು, ಇದೇ ಆಯಿತು. ವಿಷಯ ಸ್ವಲ್ಪ ಮುಜುಗರದ್ದು ಅನ್ನುವುದು ಒಂದು ಕಾರಣ. ಇನ್ನೊಂದು, ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ. ಮೊನ್ನೆ ಭಾನುವಾರ ಅವಳ ಮಗಳು ನಮ್ಮ ಮನೆ ಜಗಲಿಯಲ್ಲಿ ಕೂತು, ಕ ಕಾ ಕಿ ಕೀ ಅಂತ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಕಾಗುಣಿತ ಬರೆಯುತ್ತಿತ್ತು. ನೋಡ್ತಾ ನೋಡ್ತಾ, ಇನ್ನು ತಡ ಮಾಡುವುದು ಬೇಡ ಅನ್ನಿಸಿತು.

ಅವಳು ಅಂದರೆ ನಮ್ಮ ಮನೆಗೆ ಕೆಲಸಕ್ಕೆ ಬರುವವಳು. ಇದನ್ನೆಲ್ಲಾ ಬರೀಲಾ ಅಂತ ಕೇಳಿದಾಗ ಅವಳು ಹಾಕಿದ ಷರತ್ತು ಒಂದೇ: "ಹೆಸ್ರು, ಊರು ಎರಡೂ ಬೇಡ ಅಕ್ಕಾ. ಮಿಕ್ಕಿದ್ದು ಏನ್ ಬೇಕಾದ್ರೂ ಬರ್ಕೊಳ್ಳಿ." ಗಂಡ ಲಾರಿ ಡ್ರೈವರ್. ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಆಗ ಅವಳಿಗೆ ಇಬ್ಬರು ಮಕ್ಕಳು, ಇಬ್ಬರೂ ಶಾಲೆಗೆ ಹೋಗುತ್ತಿದ್ದರು.

2018ರ ಏಪ್ರಿಲ್ ತಿಂಗಳು. ಪಾತ್ರೆ ತೊಳೀತಾ ಇದ್ದವಳು, "ಅಕ್ಕಾ, ನಾಳೆ ಬರೋದು ಸ್ವಲ್ಪ ತಡ ಆಗುತ್ತೆ, ಸೂಜಿ ಹಾಕಿಸ್ಕೋಬೇಕು" ಅಂದಳು. ಎಂಥಾ ಸೂಜಿ, ಜ್ವರಾನಾ ಅಂತ ಕೇಳಿದೆ. ಸುತ್ತ ನೋಡಿ, ಕೈ ಒರೆಸಿಕೊಂಡು, ಪರ್ಸಿನಿಂದ ನಾಲ್ಕು ಮಡಿಕೆ ಮಡಚಿದ ಒಂದು ಕಾರ್ಡು ತೆಗೆದು ತೋರಿಸಿದಳು. ಮಕ್ಕಳಾಗದೇ ಇರುವುದಕ್ಕೆ ಜಿಲ್ಲಾಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಇಂಜೆಕ್ಷನ್ನು. ಮೂರು ತಿಂಗಳಿಗೊಂದು. ಆಗಲೇ ಎರಡು ಆಗಿತ್ತು, ಇದು ಮೂರನೆಯದು. "ಅವ್ರಿಗೆ ಹೇಳಿಲ್ಲ ಅಕ್ಕಾ. ನೀವೂ ಯಾರಿಗೂ ಹೇಳ್ಬೇಡಿ."

ಆಗ ನನಗೆ ಎಲ್ಲೋ ಅಂತರ್ಜಾಲದಲ್ಲಿ ಓದಿದ್ದೊಂದು ನೆನಪಾಯಿತು. ಅಷ್ಟೇ ಸಾಕಲ್ಲ ನಮ್ಮಂಥವರಿಗೆ! ತಕ್ಷಣ ಶುರುಮಾಡಿದೆ. "ಅಯ್ಯೋ, ಅದು ಬೇಡ ಕಣೇ. ಅದನ್ನ ತಗೊಂಡ್ರೆ ಏಡ್ಸ್ ಅಂಟೋದು ಎರಡು ಪಟ್ಟು ಜಾಸ್ತಿ ಅಂತೆ. ಅದರಲ್ಲೂ ನಿನ್ನ ಗಂಡ ಲಾರಿ..." ಅಂತ ಹೇಳಿ ನಿಲ್ಲಿಸಿದೆ. ನಿಲ್ಲಿಸಿದ್ದು ಅವಳಿಗೆ ಅರ್ಥವಾಯಿತು. ಮುಖ ಸಣ್ಣದಾಯಿತು. "ಹೌದಾ ಅಕ್ಕಾ? ನಂಗೇನ್ ಗೊತ್ತಾಗುತ್ತೆ, ನೀವು ಓದಿದೋರು" ಅಂದು ಕಾರ್ಡು ಮಡಚಿ ಒಳಗಿಟ್ಟಳು. ಮಾರನೇ ದಿನ ತಡವಾಗಿ ಬರಲಿಲ್ಲ. ಎಂದಿನಂತೆ ಏಳಕ್ಕೇ ಬಂದಳು.

ನನಗೆ ಖುಷಿಯೇ ಆಗಿತ್ತು. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಈಗ, ನಾನು ಓದಿದ್ದೇನು ಅಂತ ಹೇಳಬೇಕು. ಆ ಸೂಜಿಯ ಮದ್ದಿನ ಹೆಸರು ಮೆಡ್ರಾಕ್ಸಿಪ್ರೊಜೆಸ್ಟರಾನ್ ಅಸಿಟೇಟ್, ಚಿಕ್ಕದಾಗಿ ಡಿಎಂಪಿಎ. ನಮ್ಮ ಸರ್ಕಾರ 2017ರಿಂದ ಅದನ್ನು 'ಅಂತರಾ' ಅನ್ನೋ ಹೆಸರಿನಲ್ಲಿ ಕೊಡುತ್ತಿದೆ. ಹೊರದೇಶಗಳಲ್ಲಿ ಡೆಪೊ-ಪ್ರೊವೆರಾ ಅಂತ ಪ್ರಸಿದ್ಧ. ಪ್ರೊಜೆಸ್ಟರಾನ್ ಅನ್ನುವುದು ಹೆಂಗಸರ ಮೈಯಲ್ಲೇ ಹುಟ್ಟುವ ಹಾರ್ಮೋನು. ಈ ಮದ್ದು ಅದರದೇ ಅಚ್ಚಿನಲ್ಲಿ ಮನುಷ್ಯರು ಮಾಡಿದ್ದು. 150 ಮಿಲಿಗ್ರಾಂ ಒಮ್ಮೆ ಚುಚ್ಚಿಸಿಕೊಂಡರೆ ಮೂರು ತಿಂಗಳು ಅಂಡಾಣು ಬಿಡುಗಡೆಯಾಗುವುದಿಲ್ಲ.

ಆಫ್ರಿಕಾದ ಪೂರ್ವ ಮತ್ತು ದಕ್ಷಿಣದ ದೇಶಗಳಲ್ಲಿ ಲಕ್ಷಾಂತರ ಹೆಂಗಸರು ಇದನ್ನು ತೆಗೆದುಕೊಳ್ಳುತ್ತಾರೆ. ಎಚ್‌ಐವಿ ಅತಿ ಹೆಚ್ಚಾಗಿರುವುದೂ ಅಲ್ಲೇ. ಹಾಗಾಗಿ ಈ ಮದ್ದೇ ವೈರಸ್ಸಿಗೆ ಬಾಗಿಲು ತೆರೆದು ಕೊಡುತ್ತಿದೆಯಾ ಅನ್ನುವ ಅನುಮಾನ ಸುಮಾರು ಮೂವತ್ತು ವರ್ಷ ಇತ್ತು. ಅನುಮಾನಕ್ಕೆ ಕಾರಣಗಳೂ ಇದ್ದವು. ಹೆಣ್ಣಿನ ಯೋನಿಯ ಒಳಪದರ ಗೋಡೆಗೆ ಗಾರೆ ಬಳಿದ ಹಾಗೆ, ಹಲವು ಸುತ್ತು ಜೀವಕೋಶಗಳಿಂದ ಆಗಿರುತ್ತದೆ. ಈಸ್ಟ್ರೋಜನ್ ಅನ್ನುವ ಹಾರ್ಮೋನು ಅದನ್ನು ದಪ್ಪಗಿಡುತ್ತದೆ. ಅಲ್ಲಿನ ಜೀವಕೋಶಗಳಲ್ಲಿರುವ ಸಕ್ಕರೆಯಂಥ ಪದಾರ್ಥವನ್ನು ಒಳ್ಳೆಯ ಬ್ಯಾಕ್ಟೀರಿಯಾಗಳು ಹುಳಿ ಮಾಡುತ್ತವೆ, ಥೇಟ್ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆ ಹುಳಿಯೇ ಕಾವಲು. ಡಿಎಂಪಿಎ ತೆಗೆದುಕೊಂಡಾಗ ಮೈಯಲ್ಲಿ ಈಸ್ಟ್ರೋಜನ್ ಕಡಿಮೆಯಾಗುತ್ತದೆ. ಜೊತೆಗೆ ಈ ಮದ್ದು ಕಾರ್ಟಿಸಾಲ್ ಹಾರ್ಮೋನು ಕೂರುವ ಜಾಗದಲ್ಲೂ ಹೋಗಿ ಕೂರುತ್ತದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡುಗಳು ಕೂರುವುದೂ ಅಲ್ಲೇ.

1996ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಬಂತು. ಹೆಣ್ಣು ಕೋತಿಗಳ ಚರ್ಮದಡಿ ಪ್ರೊಜೆಸ್ಟರಾನ್ ಗುಳಿಗೆ ಇಟ್ಟು, ಕೋತಿಗಳಿಗೆ ಬರುವ ಎಚ್‌ಐವಿಯಂಥದೇ ವೈರಸ್ಸನ್ನು ಯೋನಿಗೆ ಹಾಕಿದರು. ಗುಳಿಗೆ ಇದ್ದ 18 ಕೋತಿಗಳಲ್ಲಿ 14ಕ್ಕೆ ಸೋಂಕು. ಗುಳಿಗೆಯಲ್ಲಿ ಮದ್ದಿಲ್ಲದ 10ರಲ್ಲಿ ಒಂದಕ್ಕೆ ಮಾತ್ರ! ಒಳಪದರ ತೆಳ್ಳಗಾಗಿತ್ತು. ಇಲಿಗಳ ಕಥೆಯೂ ಹೀಗೇ. ಜನನಾಂಗದ ಹರ್ಪಿಸ್ ವೈರಸ್ ಬಗ್ಗೆ ಲ್ಯಾಬಿನಲ್ಲಿ ಅಧ್ಯಯನ ಮಾಡುವವರು, ಇಲಿಗೆ ಸುಲಭವಾಗಿ ಸೋಂಕು ತಗುಲಲಿ ಅಂತ ಮೊದಲು ಇದೇ ಡೆಪೊ-ಪ್ರೊವೆರಾ ಚುಚ್ಚುತ್ತಾರೆ.

ಆಮೇಲೆ ನಾನು ಓದಿದ್ದೆನಲ್ಲ, ಆ ಸುದ್ದಿ. ಅದು 2011ರದ್ದು. ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ, ಆಫ್ರಿಕಾದ ಏಳು ದೇಶಗಳ 3,790 ಜೋಡಿಗಳ ಅಧ್ಯಯನ ಬಂದಿತ್ತು. ಎಲ್ಲವೂ ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳು. ಹಾರ್ಮೋನು ಗರ್ಭನಿರೋಧಕ ಬಳಸದ ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ 3.78 ಮಂದಿಗೆ ಸೋಂಕು ತಗುಲಿದರೆ, ಬಳಸುವವರಲ್ಲಿ 6.61. ಬಳಸುತ್ತಿದ್ದವರಲ್ಲಿ ಹೆಚ್ಚಿನವರದು ಸೂಜಿ. ಪೇಪರುಗಳೆಲ್ಲಾ 'ಎರಡು ಪಟ್ಟು' ಅಂತ ಬರೆದವು. ನನ್ನ ತಲೆಯಲ್ಲಿ ಉಳಿದದ್ದೂ ಆ ಎರಡು ಪದ ಮಾತ್ರ.

ಗಂಡನಿಗೆ ಎಚ್‌ಐವಿ ಇರುವುದು ಖಾತ್ರಿಯಾಗಿರುವ ಜೋಡಿಗಳ ಲೆಕ್ಕ ಇದು ಅನ್ನುವುದು ಉಳಿದಿರಲಿಲ್ಲ. ಸೂಜಿ ತೆಗೆದುಕೊಳ್ಳುವವರಿಗೆ ಬಸಿರಿನ ಭಯ ಇಲ್ಲವಾದ್ದರಿಂದ ಕಾಂಡೋಮ್ ಬಳಸುವುದು ಕಡಿಮೆಯಾಗಿರಬಹುದು, ಹೆಚ್ಚಳ ಸೂಜಿಯಿಂದಲೋ ಕಾಂಡೋಮ್ ಬಿಟ್ಟಿದ್ದರಿಂದಲೋ ಅಂತ ಬಿಡಿಸಿ ಹೇಳುವುದು ಇಂಥ ಅಧ್ಯಯನದಲ್ಲಿ ಕಷ್ಟ ಅನ್ನುವುದೂ ಉಳಿದಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ವಯಸ್ಕರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಎಚ್‌ಐವಿ ಇದೆ, ಭಾರತದಲ್ಲಿ 2021ರ ಅಂದಾಜಿನಂತೆ 0.21 ಶೇಕಡ. ಎರಡು ಪಟ್ಟು ಅನ್ನುವಾಗ, ಯಾವುದರ ಎರಡು ಪಟ್ಟು ಅಂತ ಕೇಳಬೇಕು ತಾನೇ? ನಾನು ಕೇಳಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2017ರ ಮಾರ್ಚಿನಲ್ಲೇ ಇದರ ಬಗ್ಗೆ ಹೇಳಿತ್ತು. ಎಚ್‌ಐವಿ ಅಪಾಯ ಹೆಚ್ಚಿರುವ ಹೆಂಗಸರೂ ಈ ಸೂಜಿ ತೆಗೆದುಕೊಳ್ಳಬಹುದು, ಆದರೆ ಹೀಗೊಂದು ಅನುಮಾನ ಇದೆ, ಇನ್ನೂ ಖಚಿತವಾಗಿಲ್ಲ ಅಂತ ಅವರಿಗೆ ತಿಳಿಸಿ, ಅಪಾಯ ತಗ್ಗಿಸುವ ದಾರಿಗಳನ್ನೂ ಹೇಳಿ ಅಂತ. ಅಂದರೆ, "ತಿಳಿಸಿ, ತೀರ್ಮಾನ ಅವರದು." ನಾನು ಮಾಡಿದ್ದೇನು? ತೀರ್ಮಾನವನ್ನೇ ತಿಳಿಸಿದೆ.

2019ರ ಜನವರಿ. ಒಂದು ದಿನ ಕಸ ಗುಡಿಸುತ್ತಾ ಗುಡಿಸುತ್ತಾ ಗೋಡೆ ಹಿಡಿದು ಕೂತುಬಿಟ್ಟಳು. ಕೇಳುವ ಮೊದಲೇ ನನಗೆ ಗೊತ್ತಾಯಿತು. ಈ ಸೂಜಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಅದರ ಪ್ರಭಾವ ಇರುತ್ತದೆ, ಬಸಿರು ನಿಲ್ಲಲು ಸಮಯ ಹಿಡಿಯುತ್ತದೆ. ಅವಳೂ ಏನೂ ಆಗಲ್ಲ ಬಿಡು ಅಂದುಕೊಂಡಿದ್ದಳು. ಮುಟ್ಟು ಹೇಗೂ ಏರುಪೇರಾಗಿತ್ತು, ಗೊತ್ತಾಗಲಿಲ್ಲ. ತೆಗೆಸುವ ಮಾತು ಬಂತು. ಎರಡು ದಿನ ಯೋಚಿಸಿ ಬೇಡ ಅಂದಳು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿರುತ್ತಿತ್ತು.

ಬಸಿರಿಯರಿಗೆ ಆಸ್ಪತ್ರೆಯಲ್ಲಿ ಮಾಡುವ ರಕ್ತಪರೀಕ್ಷೆಗಳಲ್ಲಿ ಎಚ್‌ಐವಿಯದೂ ಒಂದು. ಆ ದಿನ ನಾನೂ ಜೊತೆಗೆ ಹೋದೆ. ಬೆಂಚಿನ ಮೇಲೆ ಕೂತಿದ್ದೆವು. ಅವಳು ನನ್ನ ಕಡೆ ತಿರುಗಿ, ಮೆಲ್ಲಗೆ, "ಅಕ್ಕಾ, ಎರಡು ಸೂಜಿ ತಗೊಂಡಿದ್ನಲ್ಲಾ, ಅದರಿಂದ ಬಂದಿರಬಹುದಾ?" ಅಂತ ಕೇಳಿದಳು. ನೋಡಿ, ನಾನು ಹೇಳಿದ್ದು ಅವಳ ಮನಸ್ಸಿನಲ್ಲಿ ಹೀಗೆ ಬೆಳೆದಿತ್ತು! ಒಂಬತ್ತು ತಿಂಗಳು ಈ ಭಯ ಹೊತ್ತುಕೊಂಡು ನಮ್ಮ ಮನೆ ಪಾತ್ರೆ ತೊಳೆದಿದ್ದಳು. ಸೂಜಿಯಿಂದ ಏಡ್ಸ್ ಬರಲ್ಲ ಕಣೇ, ವೈರಸ್ ಇರುವವರ ಜೊತೆ ಸೇರಿದರೆ ತಾನೇ ಬರೋದು, ಆಗ ಅಂಟೋದು ಹೆಚ್ಚಾಗುತ್ತಾ ಅಂತ ಮಾತ್ರ ಅನುಮಾನ ಇದ್ದದ್ದು ಅಂತ ವಿವರಿಸಿದೆ. ಕೇಳಿಸಿಕೊಂಡಳು. ಪರೀಕ್ಷೆಯಲ್ಲಿ ಇಲ್ಲ ಅಂತ ಬಂತು. ಹೊರಗೆ ಬಂದು ಇಬ್ಬರೂ ಕಾಫಿ ಕುಡಿದೆವು. ನನ್ನ ಕೈ ನಡುಗುತ್ತಿತ್ತು, ಅವಳದ್ದಲ್ಲ.

ಅವಳಿಗೆ ಏಳು ತಿಂಗಳಾಗಿದ್ದಾಗ, 2019ರ ಜೂನ್ 13ರಂದು, ಆ ಮೂವತ್ತು ವರ್ಷದ ಅನುಮಾನಕ್ಕೆ ಉತ್ತರ ಬಂತು. ಎಕೋ ಅಂತ ಅದರ ಹೆಸರು. ದಕ್ಷಿಣ ಆಫ್ರಿಕಾ, ಕೀನ್ಯಾ, ಜಾಂಬಿಯಾ, ಎಸ್ವಾಟಿನಿ, ಈ ನಾಲ್ಕು ದೇಶಗಳ 12 ಕಡೆ, 16ರಿಂದ 35 ವಯಸ್ಸಿನ 7,829 ಹೆಂಗಸರು. ಅವರನ್ನು ಕೇಳಿ, ಒಪ್ಪಿದವರಿಗೆ ಮಾತ್ರ, ಚೀಟಿ ಎತ್ತಿದ ಹಾಗೆ ಮೂರರಲ್ಲಿ ಒಂದು ಕೊಟ್ಟರು: ಡಿಎಂಪಿಎ ಸೂಜಿ, ತಾಮ್ರದ ವಂಕಿ (ನಮ್ಮ ಕಾಪರ್ ಟಿ), ಅಥವಾ ತೋಳಿನ ಚರ್ಮದಡಿ ಇಡುವ ಹಾರ್ಮೋನು ಕಡ್ಡಿ. ಮಕ್ಕಳಾಗುವ, ಆಗದಿರುವ ವಿಷಯವನ್ನು ಚೀಟಿಗೆ ಬಿಡುವುದು ಸರಿಯಾ ಅಂತ ದೊಡ್ಡ ವಾದವೇ ಆಗಿತ್ತು. ಆದರೆ ಯಾರಿಗೆ ಯಾವುದು ಅನ್ನುವುದನ್ನು ಸ್ವಭಾವ, ಸಂಸಾರ, ಕಾಂಡೋಮ್ ಅಭ್ಯಾಸ ಇವೆಲ್ಲಾ ತೀರ್ಮಾನಿಸದ ಹಾಗೆ ಮಾಡಲು ಬೇರೆ ದಾರಿ ಇರಲಿಲ್ಲ.

ಒಟ್ಟು 397 ಮಂದಿಗೆ ಎಚ್‌ಐವಿ ತಗುಲಿತು. ಸೂಜಿಯ ಗುಂಪಿನಲ್ಲಿ 143, ವಂಕಿಯಲ್ಲಿ 138, ಕಡ್ಡಿಯಲ್ಲಿ 116. ವಂಕಿಯಲ್ಲಿ ಹಾರ್ಮೋನೇ ಇಲ್ಲ, ಆದರೂ ಅದಕ್ಕೂ ಸೂಜಿಗೂ ಹೆಚ್ಚು ವ್ಯತ್ಯಾಸ ಇಲ್ಲ. ಕಡ್ಡಿಗಿಂತ ಸೂಜಿಯಲ್ಲಿ ಸ್ವಲ್ಪ ಹೆಚ್ಚು ಕಂಡರೂ, ಅದು ಆಕಸ್ಮಿಕವಲ್ಲ ಅಂತ ಹೇಳುವಷ್ಟು ದೊಡ್ಡದಲ್ಲ. ಅಪಾಯ ಅರ್ಧದಷ್ಟು ಹೆಚ್ಚಿದ್ದರೆ ಪತ್ತೆಯಾಗುವ ಹಾಗೆ ಈ ಅಧ್ಯಯನ ಮಾಡಿದ್ದರು. ಹಾಗಾಗಿ 'ಎರಡು ಪಟ್ಟು' ಅನ್ನುವುದು ಬಿದ್ದುಹೋಯಿತು. ತೀರಾ ಸಣ್ಣ ಹೆಚ್ಚಳ ಇದ್ದರೆ ಇದರಲ್ಲಿ ಕಾಣಿಸುತ್ತಿರಲಿಲ್ಲ ಅನ್ನುವುದೂ ನಿಜ. ಏನೂ ಬಳಸದವರ ಗುಂಪು ಇದರಲ್ಲಿ ಇರಲಿಲ್ಲ, ಮಾತ್ರೆಗಳನ್ನೂ ಪರೀಕ್ಷಿಸಲಿಲ್ಲ. ಆಗಸ್ಟಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಎಚ್‌ಐವಿ ಅಪಾಯ ಹೆಚ್ಚಿರುವ ಹೆಂಗಸರಿಗೂ ಈ ಸೂಜಿ ಕೊಡಲು ಯಾವ ನಿರ್ಬಂಧವೂ ಬೇಡ ಅಂತ ತಿದ್ದಿತು. ನಮ್ಮವಳಿಗೆ ಮಗಳು ಹುಟ್ಟಿದ್ದೂ ಅದೇ ಆಗಸ್ಟಿನಲ್ಲಿ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಈ ಮೂರು ಅಂಕಿಗಳ ನಡುವಿನ ವ್ಯತ್ಯಾಸ ಅಲ್ಲ, ಅವುಗಳ ಮೊತ್ತ. ಮೂರೂ ಗುಂಪು ಸೇರಿಸಿದರೆ ವರ್ಷಕ್ಕೆ ನೂರರಲ್ಲಿ ಹತ್ತಿರ ಹತ್ತಿರ ನಾಲ್ವರು! ಬಂದಾಗಲೆಲ್ಲಾ ಕಾಂಡೋಮ್ ಕೊಟ್ಟು, ಬುದ್ಧಿ ಹೇಳಿ, ಪರೀಕ್ಷೆ ಮಾಡಿ, ಎಲ್ಲಾ ಮಾಡಿದರೂ ಇಷ್ಟು. ಬಸಿರು ತಡೆಯಲು ಬಂದ ಹೆಂಗಸರಿಗೆ ಬಸಿರು ತಪ್ಪಿತು, ಸೋಂಕು ತಪ್ಪಲಿಲ್ಲ. ಸೂಜಿಯ ತಪ್ಪಾ ಅಂತ ಮೂವತ್ತು ವರ್ಷ ಹುಡುಕಿದ್ದು ಸರಿಯೇ. ಆದರೆ ಸೂಜಿ ನಿರ್ದೋಷಿ ಅಂತಾದ ಮೇಲೂ ಮನೆಯ ಇನ್ನೊಂದು ಬಾಗಿಲು ತೆರೆದೇ ಇತ್ತು.

ಇನ್ನೊಂದು ವಿಷಯ ಓದಿ ತಲೆ ತಗ್ಗಿಸಿದೆ. ಬಸಿರು, ಬಾಣಂತನವೇ ಎಚ್‌ಐವಿ ಅಂಟುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಅಂತ 2018ರಲ್ಲಿ ಒಂದು ಅಧ್ಯಯನ ಬಂದಿತ್ತು. ಆಫ್ರಿಕಾದ ಇಂಥದೇ ಜೋಡಿಗಳಲ್ಲಿ, ಬಸಿರಿನ ಕೊನೆಯ ತಿಂಗಳುಗಳಲ್ಲಿ ಒಂದೊಂದು ಕೂಡುವಿಕೆಯ ಅಪಾಯ ಸುಮಾರು ಮೂರು ಪಟ್ಟು, ಹೆರಿಗೆಯ ನಂತರದ ತಿಂಗಳುಗಳಲ್ಲಿ ನಾಲ್ಕು ಪಟ್ಟು. ನಾನು ಇಲ್ಲದ ಎರಡು ಪಟ್ಟಿನಿಂದ ಅವಳನ್ನು ಕಾಪಾಡಲು ಹೋಗಿ ಎಲ್ಲಿಗೆ ತಳ್ಳಿದ್ದೆ ನೋಡಿ.

ಇಲ್ಲಿಗೆ ಬಂದಾಗ, 'ಅಂದರೆ ಹಾರ್ಮೋನುಗಳದ್ದು ಏನೂ ತೊಂದರೆ ಇಲ್ಲ' ಅಂತ ಯಾರಾದರೂ ಅಂದುಕೊಂಡರೆ ಅದೂ ಅರ್ಧ ಓದೇ ಆಗುತ್ತದೆ. ಈ ಸೂಜಿಯಿಂದ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ತೆಗೆದುಕೊಳ್ಳುತ್ತಿರುವಷ್ಟು ಕಾಲ ಮೂಳೆಯ ಸಾಂದ್ರತೆ ತಗ್ಗುತ್ತದೆ. ಎಚ್‌ಐವಿ ಬಿಟ್ಟು ಬೇರೆ ವೈರಸ್‌ಗಳ ಲೆಕ್ಕವೂ ಬೇರೆ. ಉಗಾಂಡಾದ ರಕಾಯಿಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಸೂಜಿ ತೆಗೆದುಕೊಳ್ಳುವವರಿಗೆ ಹರ್ಪಿಸ್ ತಗುಲುವುದು ಹೆಚ್ಚು ಕಂಡಿತ್ತು. ಗರ್ಭಕೊರಳಿನ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ವೈರಸ್; ಗರ್ಭನಿರೋಧಕ ಮಾತ್ರೆಯನ್ನು ಐದು ವರ್ಷಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಿರುವವರಲ್ಲಿ ಆ ಕ್ಯಾನ್ಸರಿನ ಅಪಾಯ ಸುಮಾರು ಎರಡು ಪಟ್ಟು, ನಿಲ್ಲಿಸಿದ ಮೇಲೆ ಇಳಿಯುತ್ತಾ ಹತ್ತು ವರ್ಷಕ್ಕೆ ಉಳಿದವರಷ್ಟೇ ಆಗುತ್ತದೆ ಅಂತ 2007ರಲ್ಲಿ 24 ಅಧ್ಯಯನಗಳನ್ನು ಒಟ್ಟು ಮಾಡಿ ಹೇಳಿದರು. ಅದೇ ಮಾತ್ರೆ ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ತಗ್ಗಿಸುತ್ತದೆ. ಎಲ್ಲಾ ಹೀಗೇ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ತೆಗೆದುಕೊಳ್ಳುವುದು. ತೂಗಬೇಕಾದವಳು ಅದನ್ನು ಮೈಗೆ ಹಾಕಿಸಿಕೊಳ್ಳುವವಳು.

ನಮ್ಮ ದೇಶದಲ್ಲಿ ಮಹಿಳಾ ಸಂಘಟನೆಗಳು ಜಗಳ ಆಡಿದ್ದೂ ಇದಕ್ಕೇ. 1985ರಲ್ಲಿ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಅನ್ನುವ ಇಂಥದೇ ಸೂಜಿಯ ಪ್ರಯೋಗ ನಡೆಸಲು ಹೊರಟಾಗ, ಇದು ಪ್ರಯೋಗ ಅಂತ ಆ ಹೆಂಗಸರಿಗೆ ಸರಿಯಾಗಿ ಹೇಳಿರಲಿಲ್ಲ. ಸ್ತ್ರೀ ಶಕ್ತಿ ಸಂಘಟನ, ಸಹೇಲಿ ಮುಂತಾದವರು 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹೇಳದೇ ಸೂಜಿ ಚುಚ್ಚುವುದು ತಪ್ಪು. ಒಪ್ಪಿದೆ. ಆದರೆ ಅರ್ಧ ಹೇಳಿ ಸೂಜಿ ಬಿಡಿಸುವುದು? ಎರಡರಲ್ಲೂ ಅವಳ ತೀರ್ಮಾನವನ್ನು ಬೇರೆ ಯಾರೋ ಮಾಡಿದ ಹಾಗಾಯಿತು. ಒಂದರಲ್ಲಿ ಡಾಕ್ಟರು, ಇನ್ನೊಂದರಲ್ಲಿ ನಾನು.

ಬಾಣಂತನ ಮುಗಿಸಿ ಕೆಲಸಕ್ಕೆ ಬಂದ ಮೇಲೆ ಒಂದು ಮಧ್ಯಾಹ್ನ ಅವಳನ್ನು ಕೂರಿಸಿಕೊಂಡು ಎಲ್ಲಾ ಹೇಳಿದೆ. ಕೋತಿ, ಇಲಿ, ಆಫ್ರಿಕಾ, ಚೀಟಿ ಎತ್ತಿದ್ದು, ಮೂಳೆ, ಮುಟ್ಟು, ಎಲ್ಲಾ. ನಾನು ಹೇಳಿದ್ದು ತಪ್ಪಾಗಿತ್ತು ಅಂತಲೂ ಹೇಳಿದೆ. ಮಗುವನ್ನು ತೊಡೆ ಮೇಲೆ ತಟ್ಟುತ್ತಾ ಕೇಳಿದಳು. ಆಶಾ ಕಾರ್ಯಕರ್ತೆಯನ್ನೂ, ಡಾಕ್ಟರನ್ನೂ ಕೇಳು, ನನ್ನೊಬ್ಬಳ ಮಾತು ನಂಬಬೇಡ ಅಂದೆ. ನಕ್ಕಳು.

"ಮತ್ತೆ ಕಾಂಡೋಮು? ಸೂಜಿ ಬಸಿರು ತಡೆಯುತ್ತೆ, ಸೋಂಕು ತಡೆಯೋದು ಅದೊಂದೇ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಸೂಜಿ ಅವ್ರಿಗೆ ಕಾಣಲ್ಲ ಅಕ್ಕಾ. ಅದು ಕಾಣುತ್ತೆ."

ನಾನು ಓದಿದ ಎಷ್ಟೋ ಪುಟಗಳಿಗಿಂತ ಹೆಚ್ಚು ಈ ಮಾತಿನಲ್ಲಿತ್ತು. ಡರ್ಬನ್ನಿನ ಹೆಂಗಸಾಗಲಿ, ಕಿಸುಮುವಿನ ಹೆಂಗಸಾಗಲಿ, ಯಾರನ್ನೂ ಕೇಳದೇ ತಾನೇ ಹೋಗಿ ಹಾಕಿಸಿಕೊಂಡು ಬರಬಹುದಾದದ್ದು ಸೂಜಿ. ಕಾಂಡೋಮಿಗೆ ಇನ್ನೊಬ್ಬರ ಒಪ್ಪಿಗೆ ಬೇಕು. ಸೋಂಕಿನ ಬಾಗಿಲಿನ ಚಿಲಕ ಹೆಂಗಸಿನ ಮೈಯ ಒಳಪದರದಲ್ಲಿ ಮಾತ್ರ ಇಲ್ಲ.

ಅವಳು ಮತ್ತೆ ಸೂಜಿ ಹಾಕಿಸಿಕೊಳ್ಳಲು ಶುರುಮಾಡಿದಳು. ಈ ಸಲ ಗಂಡನಿಗೆ ಹೇಳಿದಳಂತೆ. ಬೈತಾನೆ ಅಂದುಕೊಂಡಿದ್ದರೆ, "ಮೊದ್ಲೇ ಹೇಳ್ಬಾರ್ದಿತ್ತಾ, ನಾನೇ ಕರ್ಕೊಂಡು ಹೋಗ್ತಿದ್ದೆ" ಅಂದನಂತೆ. ಆಮೇಲೆ ಇಬ್ಬರೂ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದರು. ಅವನಿಗೂ ಇಲ್ಲ. ಲಾರಿ ಅಂದ ತಕ್ಷಣ ಅರ್ಧಕ್ಕೆ ನಿಲ್ಲಿಸಿದ ನನ್ನ ಆ ವಾಕ್ಯ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಕಾಂಡೋಮಿನ ಮಾತು ಮಾತ್ರ ಅವರಿಬ್ಬರ ನಡುವೆ ಇನ್ನೂ ಆಗಿಲ್ಲವಂತೆ. ನಾನು ಮತ್ತೆ ಕೇಳಿಲ್ಲ. ಅದು ನನ್ನ ಮನೆಯಲ್ಲ.

ಮಗಳು ಚೂಟಿ. ಅವಳನ್ನು ನೋಡಿದರೆ ಅವಳು ಹುಟ್ಟಬಾರದಿತ್ತು ಅಂತ ಯಾರಿಗೂ ಅನ್ನಿಸುವುದಿಲ್ಲ, ಅವಳಮ್ಮನಿಗಂತೂ ಇಲ್ಲವೇ ಇಲ್ಲ. ಆದರೆ ಅದಕ್ಕೂ ನನ್ನ ತಪ್ಪಿಗೂ ಸಂಬಂಧ ಇಲ್ಲ ಅಲ್ವಾ? ಕಾಗುಣಿತದಲ್ಲಿ ಒಂದು ಕೊಂಬು ಬಿಟ್ಟರೆ ಪದದ ಅರ್ಥವೇ ಬದಲಾಗುತ್ತದೆ ಅಂತ ಮೊನ್ನೆ ಅವಳಿಗೆ ಹೇಳಿಕೊಡುತ್ತಿದ್ದೆ. ಹೇಳಿಕೊಡುತ್ತಾ ನನಗೇ ನಗು ಬಂತು.

ನಾನು ಡಾಕ್ಟರಲ್ಲ. ಇದನ್ನು ಓದಿ ಯಾರೂ ಏನನ್ನೂ ಶುರುಮಾಡಬೇಡಿ, ಏನನ್ನೂ ನಿಲ್ಲಿಸಲೂ ಬೇಡಿ. ನಿಮ್ಮ ಡಾಕ್ಟರನ್ನು ಕೇಳಿ. ನೀವು ಕೂಡ ಹೀಗೆ ಅರ್ಧ ಓದಿ ಯಾರಿಗಾದರೂ ಬುದ್ಧಿ ಹೇಳಿದ್ದುಂಟಾ? ಇದ್ದರೆ ಬರೆಯಿರಿ. ನಾನೊಬ್ಬಳೇ ಅಲ್ಲ ಅಂತ ಗೊತ್ತಾದರೆ ಸ್ವಲ್ಪ ಸಮಾಧಾನ.